ಸುಬೇದಾರ್ ಸಾಬ್ ಕುಡಿದ ಕಾಫಿ

ಆಗುವುದಿಲ್ಲ ಎಂದು ಮೊದಲು ಹೇಳಿದವರು ನಮ್ಮ ದೊಡ್ಡಪ್ಪ. ದೆಹಲಿಯ ಜನಕಪುರಿಯಲ್ಲಿರುವ ಹೋಟೆಲು ಅವರದು. ಅಲ್ಲಿ ತವಾ ಮುಂದೆ ನಿಂತು ದೋಸೆ ಹೊಯ್ಯುವವರು ಅವರ ತಮ್ಮ, ಅಂದರೆ ನಮ್ಮಪ್ಪ. ನಾನು ಎಂಎಸ್ಸಿ ಮುಗಿಸಿ ಪಿಎಚ್‌ಡಿಗೆ ಸೇರುತ್ತೇನೆ ಅಂದ ದಿನ ದೊಡ್ಡಪ್ಪ ಗಲ್ಲಾದಿಂದ ತಲೆ ಎತ್ತದೆಯೇ, "ಈ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ಇವಳೊಬ್ಬಳೇ. ಅಷ್ಟಕ್ಕೇ ಡಾಕ್ಟರ್ ಆಗ್ತೇನೆ ಅಂದ್ರೆ ಆಗುವ ಹೋಗುವ ಮಾತಾ?" ಅಂದರು. ಎರಡನೆಯವರು ನನ್ನ ಕೆಲಸ ನೋಡಲು ವರ್ಷಕ್ಕೊಮ್ಮೆ ಬರುತ್ತಿದ್ದ ಹೊರಗಿನ ತಜ್ಞರು. ನಾವೇ ಜೋಡಿಸುತ್ತಿದ್ದ ಯಂತ್ರಕ್ಕೆ ಒಂದು ಸುತ್ತು ಬಂದು, ಇಂಥದ್ದನ್ನೆಲ್ಲ ಹೊರದೇಶದ ಕಂಪನಿಗಳು ಮಾಡುತ್ತವೆ, ಇಲ್ಲಿ ಮೇಜಿನ ಮೇಲೆ ನಟ್ಟು ಬೋಲ್ಟು ಬಿಗಿದು ಡೆಂಗ್ಯೂ ಹಿಡಿಯುವುದು ಆಗದ ಕೆಲಸ ಎಂದು ಇಂಗ್ಲಿಷಿನಲ್ಲಿ ಬಹಳ ಸಭ್ಯವಾಗಿ ಹೇಳಿದರು. ದೊಡ್ಡಪ್ಪನ ಮಾತಿಗಿಂತ ಅದೇ ಹೆಚ್ಚು ಚುಚ್ಚಿತು.

ತಜ್ಞರ ಕಾರು ಹೊರಟ ಮೇಲೆ ನಾನು ಲ್ಯಾಬಿನ ತಾಂತ್ರಿಕ ಸಹಾಯಕರ ಹತ್ತಿರ ಹೋಗಿ, ಇದು ಆಗುತ್ತದಾ ಎಂದು ಕೇಳಿದೆ. ಅವರು ಸ್ಕ್ರೂಗಳನ್ನು ಗಾತ್ರದ ಪ್ರಕಾರ ಡಬ್ಬಿಗಳಿಗೆ ಹಾಕುತ್ತಿದ್ದರು.

"ಆಗ್ತದೋ ಇಲ್ವೋ ನನಗೆ ಗೊತ್ತಿಲ್ಲ. ಮೊದಲು ಮೇಜು ಒರೆಸು" ಅಂದರು.

ಈ ಬರಹ ಅವರ ಬಗ್ಗೆ. ಹೋದ ತಿಂಗಳು ಅವರು ಲ್ಯಾಬಿನ ಬೀಗದ ಕೈ ಒಪ್ಪಿಸಿ, ದೆಹಲಿಯ ಪೀತಂಪುರಾದಲ್ಲಿರುವ ಮಗಳ ಮನೆಗೆ ಹೋದರು. ಹೆಸರು ಬರೆಯುವುದಿಲ್ಲ. ಬರೆದರೆ ಫೋನ್ ಮಾಡಿ ಬೈಯುತ್ತಾರೆ. ನಾವೆಲ್ಲ ಅವರನ್ನು ಕರೆಯುತ್ತಿದ್ದದ್ದು ಸಾಬ್ ಎಂದೇ. ಕೊಡಗಿನವರು. ಸೈನ್ಯದ ವರ್ಕ್‌ಶಾಪಿನಲ್ಲಿ ಬೈನಾಕ್ಯುಲರ್‌ಗಳನ್ನೂ ತೋಪಿಗೆ ಗುರಿ ಹಿಡಿಯುವ ದುರ್ಬೀನುಗಳನ್ನೂ ರಿಪೇರಿ ಮಾಡುತ್ತ ಸುಬೇದಾರ್ ಆಗಿ, ನಿವೃತ್ತರಾದ ಮೇಲೆ ಗ್ರೇಟರ್ ನೋಯ್ಡಾದ ನಮ್ಮ ವಿಶ್ವವಿದ್ಯಾಲಯದಲ್ಲಿ ಬೆಳಕಿನ ಲ್ಯಾಬಿಗೆ ಸೇರಿದ್ದರು. ಕಾಲೇಜು ಓದಿದವರಲ್ಲ. ಆದರೆ ಒಂದು ಮಸೂರವನ್ನು ಕಿಟಕಿಯತ್ತ ಹಿಡಿದು, ಇದನ್ನು ಯಾರೋ ಅಂಗಿಯ ತುದಿಯಿಂದ ಒರೆಸಿದ್ದಾರೆ ಎಂದು ಹೇಳಬಲ್ಲವರಾಗಿದ್ದರು. ಒರೆಸಿದ್ದು ಯಾರು ಅನ್ನುವುದೂ ಅವರಿಗೆ ಗೊತ್ತಿರುತ್ತಿತ್ತು, ಹೇಳುತ್ತಿರಲಿಲ್ಲ ಅಷ್ಟೆ.

ಮೇ ತಿಂಗಳಲ್ಲೂ ಅವರ ಮೈಮೇಲೆ ಹಸಿರು ಸ್ವೆಟರ್. ಹೊರಗೆ ಲೂ ಎಂಬ ಬೇಸಿಗೆಯ ಬಿಸಿಗಾಳಿ ಬೀಸುತ್ತಿದ್ದರೆ ನಮ್ಮ ಲ್ಯಾಬಿನಲ್ಲಿ ಎಸಿ ಹಗಲೂ ರಾತ್ರಿ ಒಂದೇ ಅಂಕಿಯ ಮೇಲೆ ನಿಂತಿರುತ್ತಿತ್ತು. ರಿಮೋಟು ಅವರ ಜೇಬಿನಲ್ಲಿ. ವಿದ್ಯಾರ್ಥಿಗಳೆಲ್ಲ ಅವರಿಗೆ ಜವಾನ್, ಅಂದರೆ ಸಿಪಾಯಿ, ಹುಡುಗಿಯಾದರೂ ಜವಾನ್. ಗಾಜು ಶುದ್ಧವಾಗಿದೆಯಾ ಎಂದು ನೋಡಲು ಅದರ ಮೇಲೆ "ಹಾ" ಎಂದು ಉಸಿರು ಬಿಡುತ್ತಿದ್ದರು. ಮಂಜು ಎಲ್ಲ ಕಡೆ ಒಂದೇ ಸಮನಾಗಿ ಕೂತು ಒಂದೇ ಸಮನಾಗಿ ಆರಿದರೆ ಪಾಸು. ಎಲ್ಲಾದರೂ ಒಂದು ಚುಕ್ಕೆ ಮೊದಲು ಆರಿತೋ, ತಿರುಗಿ ತೊಳೆಯಬೇಕು. ಒರೆಸುವಾಗ ಕಾಗದವನ್ನು ಒಂದೇ ಸಲ, ಒಂದೇ ದಿಕ್ಕಿಗೆ ಎಳೆಯಬೇಕು, ಹಿಂದಕ್ಕೆ ತರುವ ಹಾಗಿಲ್ಲ. ನಾನು ಮೊದಲ ವರ್ಷವೆಲ್ಲ ಕಲಿತದ್ದು ಇದನ್ನೇ. ಅಮ್ಮ ಏನು ಓದ್ತಿದ್ದೀ ಎಂದು ಕೇಳಿದರೆ, ಗಾಜು ಒರೆಸ್ತಿದ್ದೇನೆ ಅಂತಲೇ ಹೇಳುತ್ತಿದ್ದೆ. ಹೋಟೆಲಿನಲ್ಲಿ ಮೇಜು ಒರೆಸೋದು ಬೇಡ ಅಂತ ಓದಿಸಿದ್ದು ಕಣೇ, ಎಂದು ಅಮ್ಮ ನಗುತ್ತಿದ್ದಳು.

ನಮ್ಮ ಕೆಲಸ ಇಷ್ಟೇ. ಒಂದು ಪ್ರಿಸಂ, ಅದರ ಮೇಲೊಂದು ಗಾಜಿನ ಚೂರು, ಗಾಜಿಗೆ ಕಣ್ಣಿಗೆ ಕಂಡೂ ಕಾಣದಷ್ಟು ತೆಳುವಾದ ಚಿನ್ನದ ಲೇಪ. ಕೆಳಗಿನಿಂದ ಲೇಸರ್ ಬೆಳಕು ಬಿಟ್ಟರೆ ಅದು ಚಿನ್ನಕ್ಕೆ ತಾಗಿ ವಾಪಸ್ಸು ಬರುತ್ತದೆ. ಒಂದೇ ಒಂದು ಕೋನದಲ್ಲಿ ಮಾತ್ರ ಬರುವುದಿಲ್ಲ, ಅಲ್ಲೊಂದು ಕಪ್ಪು ಗೆರೆ ಕಾಣುತ್ತದೆ. ಚಿನ್ನದ ಮೇಲ್ಭಾಗಕ್ಕೆ ಏನಾದರೂ ಬಂದು ಅಂಟಿಕೊಂಡರೆ ಆ ಗೆರೆ ಕೂದಲೆಳೆಯಷ್ಟು ಸರಿಯುತ್ತದೆ. ಡೆಂಗ್ಯೂ ವೈರಸ್ಸಿನ ಪ್ರೊಟೀನನ್ನು ಮಾತ್ರ ಹಿಡಿದುಕೊಳ್ಳುವ ಪ್ರತಿಕಾಯಗಳನ್ನು ಚಿನ್ನದ ಮೇಲೆ ಮೊದಲೇ ಕೂರಿಸಿ, ಮೇಲಿಂದ ಮಾದರಿಯನ್ನು ಹರಿಸಿದರೆ, ರೋಗದ ಪ್ರೊಟೀನು ಇದ್ದಲ್ಲಿ ಗೆರೆ ಸರಿಯಬೇಕು. ಬೇರೆ ಪರೀಕ್ಷೆಗಳಲ್ಲಿ ಹಿಡಿಯಬೇಕಾದ ಅಣುವಿಗೆ ಬಣ್ಣವನ್ನೋ ಹೊಳಪನ್ನೋ ಅಂಟಿಸಿ ಗುರುತು ಮಾಡುತ್ತಾರೆ. ನಮ್ಮದರಲ್ಲಿ ಗುರುತೇ ಇಲ್ಲ.

ಒಮ್ಮೆ ಹೊಸ ವಿದ್ಯಾರ್ಥಿಗಳಿಗೆ ಇದನ್ನು ವಿವರಿಸಲು ಗೈಡ್ ಮೇಡಂ ಅರ್ಧ ಗಂಟೆ ಬೋರ್ಡಿನ ಮೇಲೆ ಬರೆದರು. ಅವರು ಹೋದ ಮೇಲೆ ಸಾಬ್ ಹೇಳಿದ್ದು ಎರಡು ಮಾತು. ಯೂನಿಫಾರ್ಮ್ ಹಾಕಿಕೊಂಡು ಬಂದವನನ್ನು ಯಾರು ಬೇಕಾದರೂ ಗುರುತು ಹಿಡಿಯುತ್ತಾರೆ. ನಾವು ಕತ್ತಲೆ ಕೋಣೆಯ ಹೊರಗೆ ನಿಂತು, ಒಳಗೆ ಕುರ್ಚಿ ಕಿರ್ ಅಂದದ್ದನ್ನು ಕೇಳಿ ಯಾರೋ ಕೂತರು ಅನ್ನಬೇಕು. ಆಮೇಲೆ ಬೆರಳೆತ್ತಿ ಸೇರಿಸಿದರು: "ನೆನಪಿರಲಿ ಜವಾನ್, ಬೆಕ್ಕು ಕೂತರೂ ಕುರ್ಚಿ ಕಿರ್ ಅಂತದೆ."

ಆ ಬೆಕ್ಕು ನಮ್ಮ ಮನೆಯಿಂದಲೇ ಹೋಗುತ್ತಿತ್ತು, ದಿನಾ, ಸ್ಟೀಲಿನ ಫ್ಲಾಸ್ಕಿನಲ್ಲಿ.

ಜನಕಪುರಿಯಿಂದ ಗ್ರೇಟರ್ ನೋಯ್ಡಾಕ್ಕೆ ಬರುವುದೆಂದರೆ ದೆಹಲಿಯನ್ನು ಈ ತುದಿಯಿಂದ ಆ ತುದಿಗೆ ಹೊಲಿದ ಹಾಗೆ. ಒಂದು ಮೆಟ್ರೋ ಹತ್ತಿ, ನೋಯ್ಡಾದಲ್ಲಿ ಇಳಿದು, ಇನ್ನೊಂದು ಮೆಟ್ರೋ ಹಿಡಿದು, ಆಮೇಲೆ ಇ-ರಿಕ್ಷಾ. ಮಗಳು ಬೆಳಗಾಗುವ ಮೊದಲೇ ಹೊರಡುತ್ತಾಳಲ್ಲ ಎಂದು ಅಮ್ಮ ಫಿಲ್ಟರ್ ಕಾಫಿ ಮಾಡಿ ಫ್ಲಾಸ್ಕಿಗೆ ಹಾಕಿಕೊಡುತ್ತಿದ್ದಳು. ಒಂದು ದಿನ ಸಾಬ್‌ಗೂ ಕೊಟ್ಟೆ. ಕ್ಯಾಂಟೀನಿನ ಅತಿಸಿಹಿ ಚಹಾ ಕುಡಿದು ಕುಡಿದು ಬೇಸತ್ತಿದ್ದ ಮನುಷ್ಯ. ಒಂದು ಗುಟುಕು ಕುಡಿದು ಕಣ್ಣು ಮುಚ್ಚಿಕೊಂಡರು. ಮಾರನೇ ದಿನ ಮನೆಯಿಂದ ಒಂದು ದಪ್ಪ ಸ್ಟೀಲ್ ಲೋಟ ತಂದು ಲ್ಯಾಬಿನಲ್ಲೇ ಇಟ್ಟರು. ಇಲ್ಲಿ ತಿನ್ನಬಾರದು, ಕುಡಿಯಬಾರದು ಎಂಬ ಬೋರ್ಡನ್ನು ದಪ್ಪ ಅಕ್ಷರದಲ್ಲಿ ಬರೆದು ಬಾಗಿಲಿಗೆ ಅಂಟಿಸಿದವರು ಅವರೇ. ಅಮ್ಮನ ಕಾಫಿಗೆ ಮಾತ್ರ ಆ ಕಾನೂನು ಅನ್ವಯವಾಗುತ್ತಿರಲಿಲ್ಲ.

ಹೀಗೆ ನಮ್ಮ ದಿನಚರಿ ಕೂತಿತು. ಬೆಳಿಗ್ಗೆ ಬಂದ ತಕ್ಷಣ ಏನೂ ಬೆರೆಸದ ಬರೀ ಬಫರ್, ಅಂದರೆ ಉಪ್ಪುನೀರಿನಂಥ ದ್ರಾವಣ, ಹರಿಸಿ ನೋಡುವುದು. ಇದು ಸಾಬ್ ಹಾಕಿದ ನಿಯಮ. ಗೆರೆ ಅಲ್ಲಾಡದೆ ನಿಂತರೆ ಆ ದಿನ ಕೆಲಸ ಮಾಡಬಹುದು. ಹನ್ನೊಂದಕ್ಕೆ ಕಾಫಿ. ಸಾಬ್ ಯಂತ್ರದ ಪಕ್ಕದಲ್ಲೇ ಸ್ಟೂಲಿನ ಮೇಲೆ ಕೂತು, ಲೋಟವನ್ನು ಪ್ರಿಸಂ ನಿಲ್ಲಿಸಿದ್ದ ಅಲ್ಯುಮಿನಿಯಂ ಹಲಗೆಯ ಮೂಲೆಯಲ್ಲಿಟ್ಟು ಗುಟುಕು ಗುಟುಕಾಗಿ ಕುಡಿಯುತ್ತಿದ್ದರು. ಮುಗಿದ ಮೇಲೆ ಲೋಟ ಎತ್ತಿಕೊಂಡು, "ಚಲೋ, ಹಾಕು" ಅನ್ನುತ್ತಿದ್ದರು. ನಾನು ಪ್ರೊಟೀನು ಇರುವ ಮಾದರಿಯನ್ನು ಹರಿಸುತ್ತಿದ್ದೆ. ಕಪ್ಪು ಗೆರೆ ಎಷ್ಟು ಸರಿಯಿತು ಎಂದು ತೋರಿಸುವ ರೇಖೆ ಪರದೆಯ ಮೇಲೆ ನಿಧಾನವಾಗಿ ಏರುತ್ತ ಏರುತ್ತ ಹೋಗಿ ಕೊನೆಗೆ ಸಮತಟ್ಟಾಗಿ ನಿಲ್ಲುತ್ತಿತ್ತು. ಪುಸ್ತಕದಲ್ಲಿ ಬರೆದ ಚಿತ್ರದ ಹಾಗೆ.

ನಾಲ್ಕು ತಿಂಗಳು ಅಂಥ ರೇಖೆಗಳನ್ನು ಒಟ್ಟು ಮಾಡಿದೆ. ಗೈಡ್ ಮೇಡಂ ಪ್ರಬಂಧದ ಕರಡು ತಿದ್ದಿ ಕೊಟ್ಟರು, ಸೋಮವಾರ ಪತ್ರಿಕೆಗೆ ಕಳಿಸೋಣ ಅಂದರು. ಅದು ಅಚ್ಚಾದರೆ ನನ್ನ ಥೀಸಿಸ್ ಆದ ಹಾಗೆಯೇ. ನನ್ನ ಫೆಲೋಶಿಪ್ ಮುಗಿಯಲು ಇನ್ನು ಸ್ವಲ್ಪವೇ ದಿನ ಉಳಿದಿತ್ತು. ಅಮ್ಮ ಹೋಟೆಲಿಗೆ ಬರುವ ಊರಿನವರಿಗೆಲ್ಲ, ಬರುವ ವರ್ಷ ನಮ್ಮ ಮಗಳು ಡಾಕ್ಟರ್ ಎಂದು ಹೇಳಿಯೂ ಆಗಿತ್ತು.

ಆ ವಾರವೇ ಸಾಬ್ ಒಂದು ದವಡೆ ಹಲ್ಲು ಕೀಳಿಸಿಕೊಂಡರು. ಎರಡು ದಿನ ಬಿಸಿ ಏನೂ ಕುಡಿಯಬಾರದು. ಅವರು ಕುಡಿಯದ ಮೇಲೆ ನನಗೂ ಬೇಡವಾಯಿತು, ಫ್ಲಾಸ್ಕ್ ಮುಚ್ಚಿಯೇ ಉಳಿಯಿತು. ಎರಡೂ ದಿನ ನನ್ನ ರೇಖೆ ಏಳಲಿಲ್ಲ. ಮಾದರಿ ಕೆಟ್ಟಿರಬೇಕು ಎಂದುಕೊಂಡೆ. ಮೂರನೇ ದಿನ ಅವರು ಕೆನ್ನೆ ಒತ್ತಿಹಿಡಿದೇ ಕಾಫಿ ಕುಡಿದರು, ನಾನು ಅದೇ ಮಾದರಿ ಹಾಕಿದೆ, ರೇಖೆ ಚೆಂದಾಗಿ ಎದ್ದು ನಿಂತಿತು. ನನಗೆ ಜೀವ ಬಂತು. ಸಾಬ್ ಮಾತ್ರ ಪರದೆ ನೋಡುತ್ತಿರಲಿಲ್ಲ. ಕೈಯಲ್ಲಿದ್ದ ಖಾಲಿ ಲೋಟವನ್ನು ನೋಡುತ್ತಿದ್ದರು.

ಮರುದಿನ ಕಾಫಿಯ ಹೊತ್ತಿಗೆ, ಇವತ್ತು ಮಾದರಿ ಬೇಡ, ಬರೀ ಬಫರ್ ಹಾಕು ಅಂದರು. ಲೋಟವನ್ನು ಅದೇ ಮೂಲೆಯಲ್ಲಿಟ್ಟು ಎಂದಿನಷ್ಟೇ ಹೊತ್ತು ಕುಡಿದರು. ಎತ್ತಿಕೊಂಡರು. "ಚಲೋ, ಹಾಕು."

ಬರೀ ಉಪ್ಪುನೀರು. ಅದರಲ್ಲಿ ಪ್ರೊಟೀನೂ ಇಲ್ಲ, ಏನೂ ಇಲ್ಲ. ರೇಖೆ ನಿಧಾನವಾಗಿ ಏರಿ, ಏರಿ, ಸಮತಟ್ಟಾಗಿ ನಿಂತಿತು. ನನ್ನ ನಾಲ್ಕು ತಿಂಗಳ ರೇಖೆ. ಅಚ್ಚೊತ್ತಿದಂತೆ ಅದೇ.

ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಬಿಸಿ ಲೋಟ ಹಲಗೆಯನ್ನು ಬೆಚ್ಚಗೆ ಮಾಡುತ್ತದೆ, ಹಲಗೆ ಪ್ರಿಸಂ ಮೇಲಿನ ನೀರನ್ನು. ಬೆಚ್ಚಗಾದ ನೀರು ಬೆಳಕನ್ನು ತುಸು ಕಮ್ಮಿ ಬಾಗಿಸುತ್ತದೆ. ಲೋಟ ಎತ್ತಿದ ಮೇಲೆ ಎಲ್ಲ ತಣಿಯುತ್ತ ಬಂದ ಹಾಗೆ ಗೆರೆ ಮೆಲ್ಲಗೆ ಸರಿಯುತ್ತದೆ, ಥೇಟ್ ಪ್ರೊಟೀನು ಬಂದು ಕೂತ ಹಾಗೆ. ಬೆಳಗಿನ ಬಫರ್ ಪರೀಕ್ಷೆ ದಿನವೂ ಪಾಸಾಗುತ್ತಿತ್ತು, ಯಾಕೆಂದರೆ ಆಗ ಕಾಫಿ ಇನ್ನೂ ಫ್ಲಾಸ್ಕಿನಲ್ಲೇ ಇರುತ್ತಿತ್ತು. ಇನ್ನು ನಿಜವಾದ ಪ್ರೊಟೀನು? ಕಾಫಿಯಿಲ್ಲದ ಎರಡು ದಿನ ರೇಖೆ ಏಳದಿದ್ದದ್ದು ಅದಕ್ಕೇ, ನಾನು ಕೂರಿಸಿದ ಪ್ರತಿಕಾಯಗಳು ಸರಿಯಾಗಿ ಕೂತೇ ಇರಲಿಲ್ಲ, ಅವು ಏನನ್ನೂ ಹಿಡಿದಿರಲಿಲ್ಲ.

ಆಮೇಲೆ ನಾನು ಆಡಿದ ಮಾತನ್ನು ಬರೆಯುವುದೋ ಬೇಡವೋ ಎಂದು ಬಹಳ ಯೋಚಿಸಿದೆ. ಬರೆಯದಿದ್ದರೆ ಅವರ ಚಿತ್ರ ಪೂರ್ತಿಯಾಗುವುದಿಲ್ಲ. ನಾನು ಬಾಗಿಲು ಹಾಕಿ ಬಂದು, "ಸಾಬ್, ಇದು ನಮ್ಮಿಬ್ಬರಿಗೇ ಗೊತ್ತಿರೋದು" ಅಂದೆ.

ಅವರು ಬೈಯಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ. ದಾಖಲೆ ಪುಸ್ತಕ ತೆರೆದು, ತಾರೀಕು ಹಾಕಿ, ಸೈನ್ಯದವರ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರು: ಬಿಸಿ ಲೋಟದಿಂದ ರೇಖೆ ಏರಿದೆ, ನಾಲ್ಕು ತಿಂಗಳ ಅಳತೆಗಳು ರದ್ದು, ಲೋಟ ಇಟ್ಟವನು ನಾನು. ಕೆಳಗೆ ಸಹಿ. ಆಮೇಲೆ ಪೆನ್ನನ್ನು ನನ್ನ ಕಡೆಗೆ ತಳ್ಳಿದರು.

"ತೋಪಿನ ದುರ್ಬೀನು ಸರಿ ಮಾಡಿ ಸಹಿ ಹಾಕಿ ಕಳಿಸ್ತಿದ್ದೆವು. ಅದನ್ನು ನಂಬಿ ಗುಂಡು ಹಾರಿಸುವವನು ಎಲ್ಲೋ ಇರ್ತಾನೆ, ಅವನ ಮುಖ ನಾವು ಕಂಡಿಲ್ಲ" ಅಂದರು. "ನಾಳೆ ಇದನ್ನು ನಂಬಿ ಯಾರದ್ದೋ ಮಗುವಿಗೆ ಡೆಂಗ್ಯೂ ಇಲ್ಲ ಅಂತಾರೆ. ಸಹಿ ಹಾಕು."

ಪೆನ್ನು ಎತ್ತಿಕೊಳ್ಳಲು ನನಗೆ ಹಿಡಿದ ಹೊತ್ತು ಅವರಿಗೂ ನನಗೂ ಗೊತ್ತು. ಹಾಕಿದೆ. ಗೈಡ್ ಮೇಡಂ ಕೋಣೆಗೆ ಅವರೇ ಮುಂದೆ ಹೋದರು, ನಾನು ಬಾಯಿ ತೆರೆಯುವ ಮೊದಲೇ "ಗಲತಿ ಮೇರೀ ಹೈ", ತಪ್ಪು ನನ್ನದು, ಅಂದರು. ಮೇಡಂ ಕರಡನ್ನು ಡ್ರಾಯರಿಗೆ ಹಾಕಿ, ಎಷ್ಟು ದಿನ ಬೇಕು ಎಂದಷ್ಟೇ ಕೇಳಿದರು. ಸಾಬ್ ನನ್ನ ಪರವಾಗಿ ಒಂದು ವರ್ಷ ಎಂದರು.

ಆ ವರ್ಷ ಹೇಗೆ ಕಳೆಯಿತು ಎಂದು ನಮ್ಮಮ್ಮನನ್ನು ಕೇಳಬೇಕು. ಫೆಲೋಶಿಪ್ ನಿಂತಿತು. ಶನಿವಾರ ಭಾನುವಾರ ನೋಯ್ಡಾದ ಕೋಚಿಂಗ್ ಸೆಂಟರಿನಲ್ಲಿ ಫಿಸಿಕ್ಸ್ ಹೇಳಿಕೊಡಲು ಹೋದೆ. ದೊಡ್ಡಪ್ಪ ಗಿರಾಕಿಗಳಿಗೆ ಕೇಳುವ ಹಾಗೆ, ಡಾಕ್ಟರಮ್ಮ ಒಂದು ಕ್ಲಾಸು ಫೇಲಂತೆ ಎನ್ನುತ್ತಿದ್ದರು. ಅಮ್ಮನ ಸಿಟ್ಟು ಮಾತ್ರ ಸೀದಾ ಸಾಬ್ ಮೇಲೆ. ಅವಳು ಅವರನ್ನು ಕಂಡದ್ದೂ ಇಲ್ಲ. ಆದರೂ, "ನಾನು ಮಾಡಿಕೊಟ್ಟ ಕಾಫಿ ಕುಡಿದು ನನ್ನ ಮಗಳ ಡಿಗ್ರಿ ಕುಡಿದರಲ್ಲ, ಸುಮ್ಮನಿದ್ದರೆ ಆ ಮನುಷ್ಯನ ಗಂಟೇನು ಹೋಗುತ್ತಿತ್ತು" ಎಂದು ಪಾತ್ರೆ ಕುಕ್ಕುತ್ತಿದ್ದಳು. ಅಪ್ಪ ಒಂದು ದಿನ ಮಾತ್ರ ಬಾಯಿ ಹಾಕಿದರು. ತವಾ ಕಾಯದೆ ಹೊಯ್ದ ದೋಸೆಯನ್ನು ಯಾರ ಎಲೆಗೂ ಹಾಕಬಾರದು, ಅವರು ಹಾಕಲಿಲ್ಲ, ಅಷ್ಟೇ ಅಂದರು. ಅಮ್ಮ ಅಪ್ಪನಿಗೂ ಬೈದಳು.

ಲ್ಯಾಬಿನಲ್ಲಿ ಸಾಬ್ ಶಿಸ್ತು ಬದಲಾಯಿತು. ಲೋಟ ಮನೆಗೆ ಹೋಯಿತು, ಸ್ಟೂಲು ಕಾರಿಡಾರಿಗೆ ಹೋಯಿತು. ಹೋಟೆಲಿಗೆ ಐಸ್‌ಕ್ರೀಮ್ ಬರುವ ಥರ್ಮಾಕೋಲ್ ಪೆಟ್ಟಿಗೆಗಳನ್ನು ನನ್ನಿಂದ ತರಿಸಿ, ಕತ್ತರಿಸಿ, ಯಂತ್ರಕ್ಕೆ ಒಂದು ಗೂಡು ಕಟ್ಟಿದರು. ಅಳತೆ ನಡೆಯುವಾಗ ಇಬ್ಬರೂ ಕೋಣೆಯಿಂದ ಹೊರಗೆ. ಮನುಷ್ಯನ ಮೈಯೂ ಬಿಸಿ ಲೋಟವೇ ಎನ್ನುತ್ತಿದ್ದರು. ಎಲ್ಲಕ್ಕಿಂತ ದೊಡ್ಡ ಉಪಾಯವೂ ಅವರ ಬಾಯಿಂದಲೇ ಬಂತು. ದೆಹಲಿಯಲ್ಲಿ ಒಂದು ಬೆಳಿಗ್ಗೆ ಸಣ್ಣದಾಗಿ ಭೂಮಿ ನಡುಗಿ, ನಾವೆಲ್ಲ ಹೊರಗೆ ಹುಲ್ಲಿನ ಮೇಲೆ ನಿಂತಿದ್ದಾಗ ಅವರು ನನ್ನ ಹತ್ತಿರ ಬಂದರು.

"ಎರಡು ಕುರ್ಚಿ ಇಡು. ಎರಡೂ ಕಿರ್ ಅಂದ್ರೆ ಭೂಕಂಪ. ಒಂದೇ ಕಿರ್ ಅಂದ್ರೆ ಯಾರೋ ಕೂತ."

ಇದು ಪುಸ್ತಕಗಳಲ್ಲಿ ಇಲ್ಲದ ವಿಷಯವೇನಲ್ಲ. ನಾನು ಓದಿದ್ದೆ ಕೂಡ. ಆದರೆ ಓದಿದ್ದು ಕೈಗೆ ಇಳಿದದ್ದು ಆ ಹುಲ್ಲಿನ ಮೇಲೆ. ಒಂದೇ ಚಿನ್ನದ ಹಾಳೆಯ ಮೇಲೆ ಅಕ್ಕಪಕ್ಕ ಎರಡು ಜಾಗ ಮಾಡಿದೆವು. ಒಂದರಲ್ಲಿ ಡೆಂಗ್ಯೂ ಹಿಡಿಯುವ ಪ್ರತಿಕಾಯ, ಇನ್ನೊಂದು ಖಾಲಿ. ಬಿಸಿ, ಗಾಳಿಗುಳ್ಳೆ, ಬಾಗಿಲು ಬಡಿದದ್ದು, ಏನು ಬಂದರೂ ಎರಡೂ ಕಡೆ ಬರುತ್ತದೆ. ಒಂದರಿಂದ ಇನ್ನೊಂದನ್ನು ಕಳೆದರೆ ಉಳಿಯುವುದು ಪ್ರೊಟೀನು ಮಾತ್ರ. ಪ್ರತಿಕಾಯಗಳನ್ನು ನೆಟ್ಟಗೆ ಕೂರಿಸುವ ರಸಾಯನವನ್ನು ನಾನು ಹದಿನೇಳು ಸಲ ಬದಲಾಯಿಸಿದೆ. ಹದಿನೇಳನೆಯ ಸಲ ಕಂಡ ರೇಖೆ ಹಳೆಯದರ ಕಾಲು ಭಾಗವೂ ಎತ್ತರವಿರಲಿಲ್ಲ. ಗಡಗಡ ನಡುಗುತ್ತಿದ್ದ, ಬಡಕಲು ರೇಖೆ. ಪ್ರೊಟೀನು ನಿಜವಾಗಿ ಅಂಟಿದ್ದರೆ ತೊಳೆದರೂ ಬಿಡಬಾರದು. ಬಫರಿನಿಂದ ತೊಳೆದೆ, ನಿಂತೇ ಇತ್ತು. ಸಾಬ್ ಕಾರಿಡಾರಿನಲ್ಲಿ ಕೂತಿದ್ದರು. ಲ್ಯಾಪ್‌ಟಾಪನ್ನು ಹಾಗೇ ಎತ್ತಿಕೊಂಡು ಹೋಗಿ ತೋರಿಸಿದೆ. ಬಹಳ ಹೊತ್ತು ನೋಡಿ, ಇನ್ನೂ ನಂಬಬೇಡ, ನಾಳೆ ಮತ್ತೆ ಮಾಡು ಅಂದರು. ಆದರೆ ಮೀಸೆ ಅಡಿಯಲ್ಲಿ ನಗು ತಡೆಯಲು ಅವರಿಗೆ ಆಗಲಿಲ್ಲ.

ಕೊನೆಯ ಪರೀಕ್ಷೆಗೆ ಅದೇ ತಜ್ಞರು ಬಂದರು. ಹತ್ತು ಸಣ್ಣ ಶೀಷೆಗಳಿಗೆ ಬರೀ ಅಂಕಿ ಬರೆದು ತಂದಿದ್ದರು. ಯಾವುದರಲ್ಲಿ ಪ್ರೊಟೀನು ಇದೆ, ಯಾವುದರಲ್ಲಿ ಇಲ್ಲ ಎಂಬ ಪಟ್ಟಿ ಅವರ ಕೋಟಿನ ಜೇಬಿನಲ್ಲಿ. ಬೆಳಿಗ್ಗೆ ಶುರು ಮಾಡಿದ್ದು ಮಧ್ಯಾಹ್ನ ಊಟದ ಹೊತ್ತು ದಾಟಿತು. ಇದೆ, ಇಲ್ಲ, ಇಲ್ಲ, ಇದೆ ಎಂದು ಒಂದೊಂದನ್ನೇ ಬರೆಯುತ್ತ ಬಂದೆ. ಒಂಬತ್ತನೆಯದರಲ್ಲಿ ಸಿಕ್ಕಿಕೊಂಡೆ. ಎಷ್ಟು ಸಣ್ಣ ಏರಿಕೆ ಅಂದರೆ, ಇದೆ ಅನ್ನಲು ಧೈರ್ಯ ಬೇಕು, ಇಲ್ಲ ಅನ್ನಲೂ ಧೈರ್ಯ ಬೇಕು. ಸಾಬ್ ಕಡೆ ನೋಡಿದೆ. ಅವರು ಗೋಡೆ ನೋಡುತ್ತಿದ್ದರು. ಖಾಲಿ ಜಾಗದ ರೇಖೆಯನ್ನು ಇನ್ನೊಮ್ಮೆ ನೋಡಿದೆ, ಅದು ನೆಲ ಬಿಟ್ಟು ಎದ್ದಿರಲಿಲ್ಲ. ತೊಳೆದು ನೋಡಿದೆ. ಏರಿಕೆ ಉಳಿಯಿತು. ಇದೆ ಎಂದು ಬರೆದೆ.

ತಜ್ಞರು ಜೇಬಿನಿಂದ ಪಟ್ಟಿ ತೆಗೆದು ನನ್ನ ಹಾಳೆಯ ಪಕ್ಕ ಇಟ್ಟರು. ಪೆನ್ನಿನ ತುದಿ ಒಂದರಿಂದ ಹತ್ತರವರೆಗೆ ಇಳಿಯಿತು. ಒಂಬತ್ತರ ಮೇಲೆ ಒಂದು ಕ್ಷಣ ನಿಂತಿತು. ಆಮೇಲೆ ಕನ್ನಡಕ ತೆಗೆದರು. ಹತ್ತಕ್ಕೆ ಹತ್ತು. "ಒಂಬತ್ತನೆಯದರಲ್ಲಿ ಬೇಕೆಂದೇ ಅತಿ ಕಮ್ಮಿ ಹಾಕಿದ್ದೆ, ನಿಮಗೆ ಸಿಗುವುದಿಲ್ಲ ಎಂದುಕೊಂಡಿದ್ದೆ" ಎಂದು ಒಪ್ಪಿಕೊಂಡರು. ಇದನ್ನು ಜೋಡಿಸಿದ್ದು ಯಾರು ಎಂದು ಕೇಳಿದಾಗ ನಾನು ಸಾಬ್ ಕಡೆ ಕೈ ತೋರಿಸಿದೆ. ಸಾಬ್ ಎದ್ದು ನೆಟ್ಟಗೆ ನಿಂತು, ಇವಳದೇ ಸರ್, ನಾನು ಮೇಜು ಒರೆಸಿಕೊಟ್ಟೆ ಅಂದರು. ತಜ್ಞರು ನಗಲಿಲ್ಲ. ಮೇಜು ಸುತ್ತಿ ಬಂದು ಅವರ ಕೈ ಕುಲುಕಿದರು.

ಘಟಿಕೋತ್ಸವದ ದಿನ ಒಳ್ಳೆಯ ಚಳಿಗಾಲದ ಬಿಸಿಲು. ಒಬ್ಬರಿಗೆ ಎರಡೇ ಪಾಸು. ಅಪ್ಪ ಹೋಟೆಲಿಗೆ ರಜೆ ಹಾಕಿ, ಮದುವೆಗೆ ಹೊಲಿಸಿದ್ದ ಕೋಟು ಹಾಕಿಕೊಂಡು ಬಂದಿದ್ದರು. ಅಮ್ಮ ರೇಷ್ಮೆ ಸೀರೆಯ ಮೇಲೆ ನನ್ನ ಜಾಕೆಟ್ ಹಾಕಿದ್ದಳು. ಸಾಬ್‌ಗೆ ಪಾಸಿರಲಿಲ್ಲ. ಸಭಾಂಗಣದ ಹೊರಗೆ ಹುಲ್ಲುಹಾಸಿನ ಮೇಲೆ, ರೆಜಿಮೆಂಟಿನ ಟೈ ಕಟ್ಟಿ, ಎರಡು ಗಂಟೆ ನಿಂತೇ ಇದ್ದರಂತೆ. ಒಳಗೆ ವೇದಿಕೆಯ ಮೇಲೆ ನನ್ನ ಹೆಸರಿನ ಮುಂದೆ ಡಾಕ್ಟರ್ ಎಂದು ಕೂಗಿದರು. ನಾನು ಹತ್ತಿ, ತಗೊಂಡು, ಇಳಿದೆ. ಆ ನಾಲ್ಕು ಮೆಟ್ಟಿಲು ಹೇಗೆ ಇಳಿದೆನೋ ಈಗಲೂ ನೆನಪಿಲ್ಲ.

ಹೊರಗೆ ಬಂದು ಪ್ರಮಾಣಪತ್ರವನ್ನು ಮೊದಲು ಸಾಬ್ ಕೈಗೆ ಕೊಟ್ಟೆ. ಅವರು ಕರವಸ್ತ್ರದಿಂದ ಕೈ ಒರೆಸಿಕೊಂಡು, ಅಂಚು ಹಿಡಿದು, ಹಿಂದಿಯಲ್ಲಿದ್ದದ್ದನ್ನೂ ಇಂಗ್ಲಿಷಿನಲ್ಲಿದ್ದದ್ದನ್ನೂ ಪೂರ್ತಿ ಓದಿದರು. ಹೆಸರು ನೋಡಿದರು, ಸಹಿ ನೋಡಿದರು, ಬಿಸಿಲಿಗೆ ಓರೆಯಾಗಿ ಹಿಡಿದು ಮೊಹರು ನೋಡಿದರು. ಆಮೇಲೆ, ಎಲ್ಲ ಸರಿಯಾಗಿದೆ ಎಂದು ಎರಡೂ ಕೈಯಿಂದ ಅಮ್ಮನಿಗೆ ಒಪ್ಪಿಸಿದರು.

ಅವರಿಬ್ಬರು ಒಬ್ಬರನ್ನೊಬ್ಬರು ಕಂಡದ್ದು ಅದೇ ಮೊದಲು. ಅಮ್ಮ ಪ್ರಮಾಣಪತ್ರವನ್ನು ಎದೆಗೊತ್ತಿಕೊಂಡು ಅವರನ್ನೇ ನೋಡುತ್ತ ನಿಂತಳು. ಅಪ್ಪ ಮೆಲ್ಲಗೆ, ನಮಸ್ಕಾರ ಮಾಡು ಎಂದರು. ಅಮ್ಮ ಮಾಡಲಿಲ್ಲ.

"ಒಂದು ವರ್ಷ ನಿಮ್ಮನ್ನ ಬೈದಿದ್ದೇನೆ ಸಾಬ್" ಅಂದಳು. "ಬೆಳಿಗ್ಗೆ ದೇವರಿಗೆ ದೀಪ ಹಚ್ಚುವಾಗಲೂ ಬೈದಿದ್ದೇನೆ. ಬೈದದ್ದನ್ನ ವಾಪಸ್ ತಗೊಳ್ಳೋಕೆ ಬರೋದಿಲ್ಲ. ಮನೆಗೆ ಬನ್ನಿ, ಊಟ ಹಾಕ್ತೇನೆ."